ತೊಳೆದು ಕಳಿಸಿದ ಪಿಸ್ತೂಲು

ಪಿಸ್ತೂಲು ನನ್ನ ಮೇಜಿಗೆ ಬಂದಾಗ ಅರಿಷಿಣದ ನೀರು ಹಾಕಿಸಿಕೊಂಡ ಮದುಮಗನ ಹಾಗೆ ಹೊಳೆಯುತ್ತಿತ್ತು. ಹೊಸ ಟವೆಲ್ಲಿನಲ್ಲಿ ಸುತ್ತಿ, ಟವೆಲ್ಲನ್ನು ಸಿಹಿತಿಂಡಿಯ ಖಾಲಿ ಡಬ್ಬಿಯಲ್ಲಿಟ್ಟು, ಡಬ್ಬಿಗೆ ಬಟ್ಟೆ ಹೊಲಿದು, ಅರಗಿನ ಮೊಹರು ಒತ್ತಿ ಕಳಿಸಿದ್ದರು. ಮೊಹರು ಒಡೆದು ಮುಚ್ಚಳ ತೆಗೆದ ಕೂಡಲೇ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಸಾಕ್ಷಿಗೆ ಸ್ನಾನ ಮಾಡಿಸಿ ಕಳಿಸಿದ್ದರು.

ನಾನು ಪೊಲೀಸ್ ಇಲಾಖೆಯ ಆರ್ಮರರ್. ಅಂದರೆ ಠಾಣೆಗಳ ಬಂದೂಕು, ಪಿಸ್ತೂಲುಗಳ ವೈದ್ಯ. ಇಲಾಖೆಯವರು ಕರೆಯುವುದು ಮಿಸ್ತ್ರಿ ಅಂತ. ಡಬ್ಬಿಯ ಜೊತೆಗೆ ಬಂದ ಪತ್ರದಲ್ಲಿ ಒಂದೇ ಪ್ರಶ್ನೆಯಿತ್ತು: ಈ ಪಿಸ್ತೂಲು ತಾನಾಗಿ ಸಿಡಿದಿದೆಯೋ ಅಥವಾ ಹಿಡಿದವರ ಬೆರಳಿನಿಂದ ಸಿಡಿದಿದೆಯೋ, ಪರೀಕ್ಷಿಸಿ ವರದಿ ಮಾಡತಕ್ಕದ್ದು.

ಸಿಡಿದದ್ದು ಎಲ್ಲಿ ಎಂದು ನಾನು ಹೇಳುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದರ ಸೀಮೆಯಲ್ಲಿ ಎಲ್ಲೋ ಒಂದು ಠಾಣೆ ಎಂದರೆ ಸಾಕು. ಆ ಕಡೆಯವರು ಓದಿದರೆ ಅವರಿಗೆ ಗೊತ್ತಾಗುತ್ತದೆ. ಗೊತ್ತಾದವರು ದಯಮಾಡಿ ಗೊತ್ತಿಲ್ಲದವರಂತೆ ಇರಬೇಕು.

ನಡೆದದ್ದು ಇಷ್ಟು. ಆ ಠಾಣೆಯ ಎಎಸ್‌ಐ ಸಾಹೇಬರು ಒಬ್ಬ ಆರೋಪಿಯನ್ನು ಕರೆತರಲು ಬೆಳಿಗ್ಗೆ ಹೊರಟಿದ್ದಾರೆ. ಪೆಟ್ಟಿಗೆಯಿಂದ ಪಿಸ್ತೂಲು ತೆಗೆದು, ಅಂಗಳಕ್ಕೆ ಬಂದು, ಮ್ಯಾಗಜಿನ್ ಹಾಕಿ, ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟಿದ್ದಾರೆ. ಹಾಗೆ ಬಿಟ್ಟರೆ ಸ್ಲೈಡು ಮುಂದಕ್ಕೆ ನುಗ್ಗಿ ಮ್ಯಾಗಜಿನ್ನಿನಿಂದ ಒಂದು ಗುಂಡನ್ನು ನಳಿಗೆಯೊಳಗೆ ತಳ್ಳಿ ಸುಮ್ಮನಾಗಬೇಕು. ಇದು ಸುಮ್ಮನಾಗಲಿಲ್ಲ. ಢಮ್ ಎಂದಿತು. ಗುಂಡು ಅಂಗಳದಲ್ಲಿ ಹಲವು ವರ್ಷಗಳಿಂದ ತಪಸ್ಸಿಗೆ ನಿಂತಿದ್ದ, ಯಾವುದೋ ಪ್ರಕರಣದಲ್ಲಿ ಜಪ್ತಿಯಾದ ಮೋಟಾರ್ ಬೈಕಿನ ಸೀಟನ್ನು ಹಾದು ಹಿಂದಿನ ಗೋಡೆಗೆ ಹೊಕ್ಕಿತು. ಆ ಬೈಕಿನ ಪಕ್ಕದಿಂದ ನೀರಿನ ಕ್ಯಾನು ಹಿಡಿದು ಆಗಷ್ಟೇ ದಾಟಿದ್ದ ಮಹಿಳಾ ಕಾನ್‌ಸ್ಟೆಬಲ್ ಕ್ಯಾನು ಕೈಬಿಟ್ಟು ಅಲ್ಲೇ ಕೂತುಬಿಟ್ಟಳಂತೆ.

ಯಾರಿಗೂ ಏನೂ ಆಗಲಿಲ್ಲ. ಆದರೆ ಇಲಾಖೆಯಲ್ಲಿ ಏನೂ ಆಗದಿದ್ದರೆ ಯಾಕೆ ಆಗಲಿಲ್ಲ ಎಂಬ ವಿಚಾರಣೆ ಆಗಿಯೇ ಆಗುತ್ತದೆ. ಎಎಸ್‌ಐ ಸಾಹೇಬರು ನಿವೃತ್ತಿಯ ಹೊಸ್ತಿಲಲ್ಲಿದ್ದವರು. ಇಡೀ ಸರ್ವಿಸ್ಸಿನಲ್ಲಿ ಒಂದು ಕೆಟ್ಟ ಷರಾ ಇಲ್ಲ. ಟ್ರಿಗರಿನ ಮೇಲೆ ಬೆರಳಿಟ್ಟುಕೊಂಡೇ ಲೋಡ್ ಮಾಡಿದ್ದಾರೆ, ಇದು ನಿರ್ಲಕ್ಷ್ಯ ಎಂದು ಅವರ ಮೇಲೆ ಆರೋಪ. ಅವರು ಹೇಳುವುದು ಒಂದೇ ಮಾತು: ಬೆರಳು ಟ್ರಿಗರಿನ ಮೇಲೆ ಇರಲಿಲ್ಲ. ಪಿಸ್ತೂಲು ಸರಿಯಾಗಿದೆ ಎಂದು ನಾನು ಬರೆದರೆ ಅವರ ಮಾತು ಸುಳ್ಳಾಗುತ್ತಿತ್ತು. ತಪ್ಪಿತಸ್ಥ ಎಂಬ ಷರಾದೊಂದಿಗೆ ಅವರು ಮನೆಗೆ ಹೋಗಬೇಕಿತ್ತು.

ನಾನು ಮೊದಲು ಮಾಡಿದ ಕೆಲಸ ಅವರಿಗೇ ಫೋನು ಹಚ್ಚಿದ್ದು.

"ಸಾಹೇಬ್ರ, ಈ ಪಿಸ್ತೂಲು ತೊಳದೋರು ಯಾರು?"

"ನಾನರೀ ಮಿಸ್ತ್ರಿಗಳ. ಯಾಕ್ರಿ, ಎಲ್ಲೆರ ಧೂಳು ಉಳದೈತೇನು?"

"ಉಳದಿದ್ರ ನಿಮ್ ಪುಣ್ಯ ಆಗ್ತಿತ್ತು. ಸಿಡದ ಪಿಸ್ತೂಲು ಹೆಂಗಿತ್ತೋ ಹಂಗ ಕಳಸ್ಬೇಕ್ರೀ. ಅದರೊಳಗಿನ ಹೊಲಸ ನಿಮ್ ಪರವಾಗಿ ಸಾಕ್ಷಿ ಹೇಳೋದು."

"ಏನ್ ಮಾತಾಡ್ತೀರಿ! ಮುಖಾ ತೊಳೀದ ಯಾರನ್ನರ ದವಾಖಾನಿಗೆ ಕರ್ಕಂಡ್ ಹೋಗ್ತೀವೇನ್ರಿ? ನಿಮ್ಮಂಥೋರ ಕೈಗೆ ಹೋಗೋ ವಸ್ತು. ಮರ್ಯಾದಿ ಬ್ಯಾಡೇನು?"

ಪ್ರತಿ ವರ್ಷದ ತಪಾಸಣೆಯಲ್ಲಿ ನಾನು ಅವರ ಠಾಣೆಗೆ ಹೋದಾಗ ಆಯುಧಗಳು ಸಾಲಾಗಿ ಬಿಳಿ ಬಟ್ಟೆಯ ಮೇಲೆ ಮಲಗಿರುತ್ತಿದ್ದವು, ಒಂದೊಂದರ ತಲೆದೆಸೆಯಲ್ಲಿ ಒಂದೊಂದು ಚೆಂಡುಹೂವು. ಅಂಥವರು ಪಿಸ್ತೂಲನ್ನು ಕೊಳಕಾಗಿ ಕಳಿಸುತ್ತಾರೆಂದು ನಿರೀಕ್ಷಿಸಿದ್ದು ನನ್ನದೇ ತಪ್ಪು.

ಪರೀಕ್ಷೆ ಶುರು ಮಾಡಿದೆ. ಟ್ರಿಗರಿಗೆ ತೂಕ ಕಟ್ಟಿ ನೋಡಿದೆ. ಎಷ್ಟು ಭಾರಕ್ಕೆ ಬಿಡಬೇಕೋ ಅಷ್ಟಕ್ಕೇ ಬಿಡುತ್ತಿತ್ತು. ಹ್ಯಾಮರನ್ನು, ಅಂದರೆ ಹಿಂದಿನಿಂದ ಹೊಡೆಯುವ ಸುತ್ತಿಗೆಯನ್ನು, ಹಿಂದಕ್ಕೆ ನಿಲ್ಲಿಸಿ ರಬ್ಬರಿನ ಕೊಡತಿಯಿಂದ ಪಿಸ್ತೂಲಿನ ಮೈಗೆಲ್ಲ ಬಡಿದೆ. ಜಾರಲಿಲ್ಲ. ಸೇಫ್ಟಿ ಹಾಕಿ ಟ್ರಿಗರನ್ನು ಕೈನೋಯುವಷ್ಟು ಒತ್ತಿದೆ. ಅಲುಗಲಿಲ್ಲ. ಹ್ಯಾಮರನ್ನು ಹಿಡಿದಿಡುವ ಕೊಕ್ಕೆಯನ್ನು ಬಿಚ್ಚಿ ಭೂತಗನ್ನಡಿಯ ಕೆಳಗೆ ಇಟ್ಟೆ. ಅಂಚು ಸವೆದಿಲ್ಲ, ಮುರಿದಿಲ್ಲ. ಖಾಲಿ ಪಿಸ್ತೂಲಿನ ಸ್ಲೈಡನ್ನು ಎಳೆದು ಬಿಟ್ಟು, ಎಳೆದು ಬಿಟ್ಟು, ನನ್ನ ಭುಜ ಸೋತಿತೇ ಹೊರತು ಹ್ಯಾಮರ್ ಒಂದು ಸಲವೂ ಬೀಳಲಿಲ್ಲ. ಈ ಪಿಸ್ತೂಲಿನಷ್ಟು ಸುಶೀಲವಾದ ಪಿಸ್ತೂಲನ್ನು ನಾನು ಆ ವರ್ಷ ನೋಡಿರಲಿಲ್ಲ. ನ್ಯಾಯವಾಗಿ ಅಲ್ಲಿಗೇ 'ದೋಷವಿಲ್ಲ' ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು.

ತಡೆದದ್ದು ಸಿಡಿದ ಗುಂಡಿನ ಖಾಲಿ ತೋಟೆ. ಅದನ್ನು ಮಾತ್ರ ತೊಳೆಯದೆ ಬೇರೆ ಕಾಗದದಲ್ಲಿ ಕಟ್ಟಿ ಕಳಿಸಿದ್ದರು. ಬಹುಶಃ ಅದು ಸತ್ತ ವಸ್ತು ಎಂಬ ಭಾವನೆಯಿಂದ. ತೋಟೆಯ ಹಿಂಭಾಗದ ನಡುವೆ ಒಂದು ಚಿಕ್ಕ ತಟ್ಟೆಯಂಥ ಕ್ಯಾಪ್ ಇರುತ್ತದೆ. ಟ್ರಿಗರ್ ಒತ್ತಿದಾಗ ಹ್ಯಾಮರ್ ಬಂದು ಫೈರಿಂಗ್ ಪಿನ್ ಎಂಬ ಸೂಜಿಗೆ ಹೊಡೆಯುತ್ತದೆ, ಸೂಜಿ ಕ್ಯಾಪಿಗೆ ಚುಚ್ಚುತ್ತದೆ, ಮದ್ದು ಹೊತ್ತುತ್ತದೆ. ಹ್ಯಾಮರ್ ಹೊಡೆದ ಗುರುತು ಆಳವಾಗಿ, ಹೆಸರುಕಾಳು ಕೂರುವ ಹಾಗೆ ಇರುತ್ತದೆ. ಇದರಲ್ಲಿ ಇದ್ದ ಗುರುತು ಮೇಲುಮೇಲಿನದು. ಹೊಡೆದದ್ದಲ್ಲ, ಮುಟ್ಟಿದ್ದು.

ಹ್ಯಾಮರ್ ಹೊಡೆಯದೆ ಸೂಜಿ ಮುಟ್ಟಬೇಕಾದರೆ ಸೂಜಿ ಮೊದಲೇ ಹೊರಗೆ ಮೂತಿ ಚಾಚಿಕೊಂಡು ಕೂತಿರಬೇಕು. ಆಗ ಸ್ಲೈಡು ನುಗ್ಗಿ ಬಂದ ರಭಸಕ್ಕೇ ಅದು ಕ್ಯಾಪಿಗೆ ಚುಚ್ಚುತ್ತದೆ. ಟ್ರಿಗರಿನ ಸಂಬಂಧವೇ ಇಲ್ಲ. ಈ ಹಳೆಯ ಮಾದರಿಯ ಒಂದು ಕೊರತೆಯೆಂದರೆ ಸೇಫ್ಟಿ ಹಿಡಿಯುವುದು ಹ್ಯಾಮರನ್ನು ಮಾತ್ರ. ಸೂಜಿಯನ್ನು ಯಾರೂ ಹಿಡಿಯುವುದಿಲ್ಲ. ಒಂದು ಸಣ್ಣ ಸ್ಪ್ರಿಂಗ್ ಅದನ್ನು ಹಿಂದಕ್ಕೆ ದೂಡುತ್ತಿರುತ್ತದೆ, ಅಷ್ಟೇ. ಸೂಜಿ ಅಂಟಿಕೊಂಡರೆ ಆ ಬಡಪಾಯಿ ಸ್ಪ್ರಿಂಗ್ ಏನು ಮಾಡೀತು? ಗುಂಡು ಹಾರಿದ ಮೇಲೆ ಮದ್ದಿನ ಒತ್ತಡವೇ ಸೂಜಿಯನ್ನು ಹಿಂದಕ್ಕೆ ನೂಕಿ ಬಿಡಿಸಿರುತ್ತದೆ. ಉಳಿದ ಗುರುತನ್ನು ಎಎಸ್‌ಐ ಸಾಹೇಬರು ಪೆಟ್ರೋಲಿನಲ್ಲಿ ಬಿಡಿಸಿದ್ದರು.

ಇದೆಲ್ಲ ನನ್ನ ತಲೆಯಲ್ಲಿತ್ತು. ಪಿಸ್ತೂಲಿನಲ್ಲಿ ಏನೂ ಇರಲಿಲ್ಲ. ಹಾಗಾಗಿ ಆ ಠಾಣೆಗೇ ಹೋದೆ.

ಮಹಿಳಾ ಕಾನ್‌ಸ್ಟೆಬಲ್ ಹರಪನಹಳ್ಳಿ ಕಡೆಯ ಹುಡುಗಿ. ಸಾಹೇಬರನ್ನು ಅವಳು ವಾಡಿಕೆಯಿಂದ ಕರೆಯುವುದು ಕಾಕಾ ಅಂತ. ಅವಳನ್ನು ಕೇಳಿದೆ. ಅವಳು ಬಲಗೈಯಲ್ಲಿ ಇಲ್ಲದ ಪಿಸ್ತೂಲನ್ನು ಹಿಡಿದು ತೋರಿಸಿದಳು.

"ಬೆರಳು ಹಿಂಗೆ ಉದ್ದಕ್ಕಿತ್ತು ಸರ್, ದಾರಿ ತೋರ್ಸೋರ ಹಂಗೆ. ನಾನು ಕಣ್ಣಾರೆ ನೋಡೀನಿ. ಕಾಕಾ ನನಗೇ 'ಸರಿಯವ್ವಾ ಆಕಡಿ' ಅಂತ ಬೈದು, ನಾನು ದಾಟಿದ ಮ್ಯಾಲೇ ಎಳೆದಿದ್ದು."

"ಇದನ್ನ ಹೇಳಿಕ್ಯಾಗ ಬರಸೀಯೇನು?"

"ಬರ್ಸೀನಿ. ಕಾಕಾನ ಮ್ಯಾಲೆ ನಿಂಗೆ ಪ್ರೀತಿ, ಅದ್ಕೆ ಹಿಂಗೆ ಹೇಳ್ತಿ ಅಂದ್ರು. ಪ್ರೀತಿ ಇದ್ರೆ ಕಣ್ಣು ಕಾಣಂಗಿಲ್ಲೇನು ಸರ್?"

ಮಧ್ಯಾಹ್ನ ಎಎಸ್‌ಐ ಸಾಹೇಬರು ಊಟಕ್ಕೆ ಕೂರಿಸಿದರು. ಆರೋಪ ಹೊತ್ತವರ ಮನೆಯ ಊಟವನ್ನು ತನಿಖೆ ಮಾಡುವವನು ಉಣ್ಣಬಾರದು ಎಂಬ ನಿಯಮ ನನಗೆ ಗೊತ್ತಿದೆ. ಆದರೆ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿಪುಡಿ ಎದುರಿಗಿದ್ದಾಗ ಆ ನಿಯಮದ ಪೂರ್ಣ ಪಾಠ ನೆನಪಿಗೆ ಬರಲಿಲ್ಲ. ಚಟ್ನಿಪುಡಿಗೆ ಹಾಕಲು ಅವರು ಒಂದು ಬಾಟಲಿ ತೆಗೆದರು. ಮುಚ್ಚಳ ಬರಲಿಲ್ಲ. ಪಂಚೆಯ ಚುಂಗಿನಲ್ಲಿ ಹಿಡಿದು ತಿರುವಿದರು. ಬರಲಿಲ್ಲ. ಕೊನೆಗೆ ನನ್ನ ಚೀಲದಿಂದ ಪಕ್ಕಡ ಈಸಿಕೊಂಡು ತಿರುವಿದಾಗ ಚಟಕ್ಕನೆ ಬಿಟ್ಟಿತು.

"ಕುಸುಬಿ ಎಣ್ಣಿರಿ. ಹಿರೇಹಡಗಲಿ ಕಡಿಗೆ ನಮ್ಮ ಮಾವನೋರ ಹೊಲದ್ದು. ಗಾಣದ್ದು. ಹಾಕ್ಕಳ್ರಿ."

ನಾನು ಬಾಟಲಿ ಕೈಗೆ ತೆಗೆದುಕೊಂಡೆ. ಕುತ್ತಿಗೆಯ ಸುತ್ತ ಇಳಿದ ಎಣ್ಣೆ ಒಣಗಿ ಜೇನಿನ ಬಣ್ಣಕ್ಕೆ ತಿರುಗಿ, ಬಾಗಿಲಿಗೆ ಬಳಿಯುವ ವಾರ್ನಿಶ್ ಹಾಗೆ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರೆ ಹಕ್ಕಳೆಯಾಗಿ ಏಳುತ್ತಿತ್ತು. ನನ್ನ ರೊಟ್ಟಿ ಅಲ್ಲಿಗೇ ನಿಂತಿತು.

"ಸಾಹೇಬ್ರ, ಪಿಸ್ತೂಲಿಗೆ ಯಾವ ಎಣ್ಣಿ ಹಾಕ್ತೀರಿ?"

ಅವರ ಮುಖ ಬೆಳಗಿತು. ಈ ಪ್ರಶ್ನೆಗಾಗಿಯೇ ಬಹಳ ವರ್ಷ ಕಾದವರ ಹಾಗೆ.

"ಇದರೀ! ನಿಮ್ಮ ಸರ್ಕಾರಿ ಎಣ್ಣಿ ನೀರಿನಂಗ ಐತಿ, ಹಚ್ಚಿದ್ದು ಹಚ್ಚಿದ್ಹಂಗ ಹಾರಿ ಹೋಗತೈತಿ. ಇದು ನೋಡ್ರಿ, ಹಚ್ಚಿದ್ರ ಕನ್ನಡಿ. ಮೊದ್ಲು ಮೈಗಷ್ಟ ಒರಸ್ತಿದ್ದೆ. ಹ್ವಾದ ಆಯುಧ ಪೂಜಿಗೆ, ಒಳಗಿನ ಸೂಜಿಗೂ ಇರ್ಲಿ ಪಾಪ ಅಂತ ಹಿಂದಿನ ತೂತಿನಾಗ ನಾಕ್ ಹನಿ ಬಿಟ್ಟೆ."

ಸೂಜಿಗೂ ಇರಲಿ ಪಾಪ! ಆಯುಧ ಪೂಜೆಯಿಂದ ಬೇಸಿಗೆ ಕಳೆಯುವ ತನಕ ಆ ಪಿಸ್ತೂಲು ತಗಡಿನ ಸೂರಿನ ಕೆಳಗೆ ಕಬ್ಬಿಣದ ಪೆಟ್ಟಿಗೆಯಲ್ಲಿ ಬೆಂದಿದೆ. ಪೆಟ್ಟಿಗೆಗಿಡುವ ಮುಂಚೆ ರೂಢಿಯಂತೆ ಖಾಲಿ ಪಿಸ್ತೂಲಿನ ಟ್ರಿಗರ್ ಒಂದು ಸಲ ಒತ್ತಿಯೇ ಇಡುತ್ತಾರೆ. ಆಗ ಮುಂದಕ್ಕೆ ಹೋದ ಸೂಜಿ, ನಾಕು ಹನಿ ಕುಸುಬೆ ಎಣ್ಣೆಯ ಪ್ರೀತಿಯಲ್ಲಿ, ಹಿಂದಕ್ಕೆ ಬರಲೇ ಇಲ್ಲ.

ನಾನು ಅದನ್ನು ಅವರಿಗೆ ಆಗಲೇ ಹೇಳಲಿಲ್ಲ. ಮೊದಲು ಸಾಬೀತಾಗಬೇಕಿತ್ತು. "ಠಾಣ್ಯಾಗ ಉಳಿದ ಪಿಸ್ತೂಲಿಗೂ ಹಾಕೀರೇನು?" ಎಂದೆ. ಹಾಕಿದ್ದರು. "ಅವನ್ನೂ ತೊಳದ್ರೇನು?" ತೊಳೆದಿದ್ದರು, ಒಂದನ್ನು ತೊಳೆದು ಒಂದನ್ನು ಬಿಟ್ಟರೆ ಭೇದ ಮಾಡಿದಂತಾಗುತ್ತದೆಂದು.

"ಬ್ಯಾರೆ ಯಾರಿಗರ ಈ ಎಣ್ಣಿ ಕೊಟ್ಟೀರೇನು?"

"ಕೇಳಿದೋರಿಗೆಲ್ಲ ಕೊಟ್ಟೀನ್ರಿ. ಈ ಐದೂ ತಾಲ್ಲೂಕಿನಾಗ ನೌಕ್ರಿ ಮಾಡೀನಿ. ಎಲ್ಲಾ ಠಾಣ್ಯಾಗೂ ನಮ್ಮ ಹುಡುಗ್ರು ಅದಾರ. ಹಬ್ಬಕ್ಕೊಂದು ಬಾಟ್ಲಿ ಕಳಸ್ತೀನಿ."

ಕೈ ತೊಳೆದು ಎದ್ದೆ. ಎಣ್ಣೆಯ ಜಿಡ್ಡು ಮಾತ್ರ ಹೋಗಲಿಲ್ಲ.

ಉಪವಿಭಾಗದ ಡಿವೈಎಸ್‌ಪಿಯವರು ದಕ್ಷಿಣದ ಕಡೆಯಿಂದ ಬಂದ ತರುಣ ಅಧಿಕಾರಿ. ಮಾತು ಕಡಿಮೆ, ಕಿವಿ ಚುರುಕು. ಅವರ ಮುಂದೆ ನಿಂತು ನನ್ನ ಇಕ್ಕಟ್ಟನ್ನು ಹೇಳಿದೆ. ಎಣ್ಣೆ ಕುಡಿದ ಪಿಸ್ತೂಲುಗಳು ಬೇರೆ ಠಾಣೆಗಳಲ್ಲಿ ಇವೆ. ಈ ಕ್ಷಣ ವೈರ್‌ಲೆಸ್ಸಿನಲ್ಲಿ 'ಎಚ್ಚರಿಕೆ, ಪಿನ್ ಅಂಟಿಕೊಂಡಿರಬಹುದು' ಎಂದರೆ ಎಲ್ಲರೂ ಬಿಚ್ಚಿ ತೊಳೆಯುತ್ತಾರೆ. ಎಎಸ್‌ಐ ಸಾಹೇಬರ ಪರವಾಗಿ ಹೇಳಲು ಸಾಕ್ಷಿಯೇ ಉಳಿಯುವುದಿಲ್ಲ. ಹೇಳದೆ ಬಿಟ್ಟರೆ ಇವತ್ತೇ ಯಾರಾದರೂ ಒಂದನ್ನು ಲೋಡ್ ಮಾಡಬಹುದು. ಎದುರಿಗೆ ಬೈಕೇ ನಿಂತಿರಬೇಕೆಂದೇನೂ ಇಲ್ಲ.

"ನಿಮ್ಮ ಆಯ್ಕೆ ಯಾವುದು?" ಎಂದರು ಅವರು.

ಜೀಪಿನಲ್ಲಿ ಬರುವಾಗ ನಾನು ಇದನ್ನೇ ಯೋಚಿಸಿದ್ದೆ. ಎಎಸ್‌ಐ ಸಾಹೇಬರ ಮುಖ ಒಂದು ಕಡೆ, ನೀರಿನ ಕ್ಯಾನು ಇನ್ನೊಂದು ಕಡೆ. "ಸರ್, ಸಾಕ್ಷಿ ಹೋದರೂ ಹೋಗಲಿ, ಪಿಸ್ತೂಲು ಯಾರ ಕೈಗೂ ಹೋಗಬಾರದು. ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಠಾಣಾಧಿಕಾರಿ ಇಟ್ಟುಕೊಳ್ಳಬೇಕು, ಮುಂದಿನ ಆದೇಶದ ತನಕ ಯಾವ ಪಿಸ್ತೂಲನ್ನೂ ಹೊರಗೆ ತೆಗೆಯಬಾರದು ಅಂತ ಈಗಲೇ ಹೇಳಿಬಿಡಿ. ಮುಟ್ಟಿದರೆ ಅಪಾಯ ಅಂತಲೂ ಹೇಳಿ. ಮಿಸ್ತ್ರಿ ಬರ್ತಾನೆ ಅನ್ನೋದನ್ನ ಮಾತ್ರ ಹೇಳಬೇಡಿ. ನನ್ನ ಹೆಸರು ಕೇಳಿದರೆ ತೊಳೀತಾರೆ."

ಅವರು "ಇಲಾಖೆಯಲ್ಲಿ ನಿಮಗೆ ಇಷ್ಟು ಗೌರವ ಇದೆ ಅಂತ ಗೊತ್ತಿರಲಿಲ್ಲ," ಎಂದು ಮೈಕು ಕೈಗೆತ್ತಿಕೊಂಡರು. ಠಾಣೆಗಳ ಪೆಟ್ಟಿಗೆ ತೆಗೆಸಲು ನಾಳೆ ತಾವೂ ಬರುವುದಾಗಿ ಹೇಳಿದರು. ಎಎಸ್‌ಐಯವರನ್ನೂ ಕರೆದುಕೊಳ್ಳೋಣ, ಎಣ್ಣೆ ಯಾರಿಗೆ ಹೋಯಿತೆಂಬುದು ಅವರಿಗೊಬ್ಬರಿಗೇ ಗೊತ್ತು. ಆದರೆ ಪೆಟ್ಟಿಗೆ ತೆಗೆಯುವಾಗ ಅವರು ಕೈ ಕಟ್ಟಿಕೊಂಡು ದೂರ ನಿಂತಿರಬೇಕು ಎಂದರು.

ಮರುದಿನ ಕೂಡ್ಲಿಗಿ ದಾಟಿ ಕೊಟ್ಟೂರಿನ ದಾರಿ ಹಿಡಿದಾಗ ಕುರಿಮಂದೆಯೊಂದು ರಸ್ತೆಯನ್ನು ಪೂರ್ತಿ ತನ್ನ ಸ್ವಾಧೀನಕ್ಕೆ ತೆಗೆದುಕೊಂಡಿತ್ತು. ಮೂವರು ಪೊಲೀಸರು, ಒಂದು ಸೈರನ್, ಯಾವುದಕ್ಕೂ ಕುರಿಗಳು ಬಗ್ಗಲಿಲ್ಲ. ಎಎಸ್‌ಐ ಸಾಹೇಬರು ಇಳಿದು ನಾಲಗೆಯಿಂದ ಅದೇನೋ ಸದ್ದು ಮಾಡಿದರು; ಮಂದೆ ಎರಡಾಗಿ ದಾರಿ ಬಿಟ್ಟಿತು. ಹತ್ತಿ ಕೂತು, "ನಿಮ್ಮ ಮನಸಿನಾಗ ಏನೈತ್ರಿ ಮಿಸ್ತ್ರಿಗಳ? ಎಣ್ಣಿ ಎಣ್ಣಿ ಅಂತ ಯಾಕ ಕೇಳಾಕ್ಹತ್ತೀರಿ?" ಎಂದರು. "ನೋಡೂಣ," ಎಂದೆ.

ಮೊದಲನೆಯ ಠಾಣೆಯಲ್ಲಿ ಆಯುಧಗಳ ಉಸ್ತುವಾರಿಯ ಹೆಡ್ ಕಾನ್‌ಸ್ಟೆಬಲ್ ಪೆಟ್ಟಿಗೆ ತೆಗೆದ. ಪಿಸ್ತೂಲಿಗೆ ಎಣ್ಣೆಯ ಸೋಂಕೇ ಇರಲಿಲ್ಲ. ಮೈಮೇಲೆ ತುಸು ತುಕ್ಕು ಕೂಡ ಹಿಡಿದಿತ್ತು. ಸೂಜಿ ಸಲೀಸಾಗಿ ಓಡಾಡುತ್ತಿತ್ತು.

"ಹಬ್ಬಕ್ಕ ಕೊಟ್ಟ ಎಣ್ಣಿ ಎಲ್ಲಿಟ್ಟೆಲೇ?" ಎಎಸ್‌ಐ ಸಾಹೇಬರು ಬಾಗಿಲ ಹೊರಗಿಂದಲೇ ಕೂಗಿದರು.

ಆತ ತಲೆ ಕೆರೆದುಕೊಂಡ. "ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ. ಅಂಥಾ ಚಲೋ ಎಣ್ಣಿ ಪಿಸ್ತೂಲಿಗೆ ಯಾಕ ಹಾಳ್ ಮಾಡ್ಬೇಕಂತ ಮನಿಗೆ ಒಯ್ದೆ. ಮಂಡಕ್ಕಿ ಒಗ್ಗರಣಿಗೆ ಏನ್ ಘಮ್ ಅಂತೈತಿ ಅಂತೀರಿ!"

ಸಾಹೇಬರಿಗೆ ಆದ ಅವಮಾನ ಮುಖದಲ್ಲೇ ಕಾಣುತ್ತಿತ್ತು. ಜೀಪು ಹತ್ತಿ ಬಾಗಿಲು ಎಳೆದುಕೊಂಡರು. ಆಮೇಲೆ, "ತುಕ್ಕು ನೋಡಿದ್ರೇನು? ನಾಚಿಕಿ ಆಗ್ಬೇಕು," ಎಂದು ಕಿಟಕಿಯ ಕಡೆ ತಿರುಗಿ ಹೇಳಿದರು.

ಎರಡನೆಯ ಠಾಣೆಯಲ್ಲಿ ಇನ್ನೊಂದು ಬಗೆಯ ಪೆಟ್ಟು. ಪಿಸ್ತೂಲು ಸ್ವಚ್ಛವಾಗಿ ಹೊಳೆಯುತ್ತಿತ್ತು. ಅಲ್ಲಿನ ಉಸ್ತುವಾರಿಯವನು ಹೆಮ್ಮೆಯಿಂದ, "ಬೀಗ ಹಾಕ್ರಿ ಅಂತ ಮೆಸೇಜ್ ಬಂತ್ರಿ. ಬೀಗ ಹಾಕ್ಸಿದ್ರ ಹಿಂದೆ ಯಾರೋ ಬರೋರೇ ಅಂತ ಗೊತ್ತಾತು. ಕೀಲಿ ಕೊಡೂ ಮೊದ್ಲು ಒಂದೀಟು ಬಿಚ್ಚಿ ತೊಳದಿಟ್ಟೆ," ಎಂದ. ಮುಟ್ಟಿದರೆ ಅಪಾಯ ಎಂದಿದ್ದರಲ್ಲ ಎಂದು ಕೇಳಿದೆ. "ಬರೋ ಸಾಹೇಬ್ರು ಮುಟ್ತಾರಲ್ರಿ, ಅವರಿಗೆ ಅಪಾಯ ಆಗಬಾರ್ದಂತ," ಎಂದ. ಡಿವೈಎಸ್‌ಪಿಯವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

ನನ್ನ ಧೈರ್ಯ ಇಳಿಯುತ್ತಿತ್ತು. ಹಡಗಲಿಯ ದಿಕ್ಕಿಗೆ ಹೊರಳಿದ ಮೇಲೆ ಡಿವೈಎಸ್‌ಪಿಯವರು ಒಂದೇ ಮಾತು ಕೇಳಿದರು: "ಉಳಿದ ಕಡೆಯೂ ಹೀಗೇ ಆದರೆ?" ಖಾಲಿ ತೋಟೆಯ ಗುರುತು ಒಂದೇ ಆಧಾರ, ಅದು ಸಾಕಾಗುವುದಿಲ್ಲ ಎಂದೆ. ಹಿಂದಿನ ಸೀಟಿನಲ್ಲಿ ಎಎಸ್‌ಐ ಸಾಹೇಬರು ತಮ್ಮ ಬಲಗೈಯ ತೋರುಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದರು.

ಮೂರನೆಯ ಠಾಣೆಯ ಪೆಟ್ಟಿಗೆಯ ಕೀಲಿ ನಿಜಕ್ಕೂ ಠಾಣಾಧಿಕಾರಿಯ ಜೇಬಿನಲ್ಲಿತ್ತು. ಉಸ್ತುವಾರಿಯವನು ರಜೆಯ ಮೇಲಿದ್ದ. ಅದು ದೇವರ ದಯೆ. ಪಿಸ್ತೂಲು ಬಟ್ಟೆಯಲ್ಲಿ ಮಲಗಿತ್ತು, ಮೇಲೆ ಹಳೆಯ ಕುಂಕುಮದ ಬೊಟ್ಟು. ಅದರ ಮೂತಿಯನ್ನು ಮರಳು ತುಂಬಿದ ಡಬ್ಬದ ಕಡೆಗಿಟ್ಟು ಮೊದಲು ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡೆ. ಸ್ಲೈಡನ್ನು ಹಿಂದಕ್ಕೆ ಹಿಡಿದು, ತೋಟೆಯ ಹಿಂಭಾಗ ಬಂದು ಕೂರುವ ಒಳಗೋಡೆಯ ಮೇಲೆ ಹೆಬ್ಬೆರಳು ಆಡಿಸಿದೆ. ನುಣ್ಣಗಿರಬೇಕಾದ ಜಾಗ ಅದು. ಮರಿಹಲ್ಲು ಮೂಡಿದ ಮಗುವಿನ ವಸಡಿನ ಹಾಗೆ ಚುಚ್ಚಿತು.

"ಸರ್, ನೀವೂ ಮುಟ್ಟಿ ನೋಡಿ."

ಡಿವೈಎಸ್‌ಪಿಯವರು ಮುಟ್ಟಿದರು. ಹುಬ್ಬು ಮೇಲೇರಿತು.

ಗುಂಡು ಮತ್ತು ಮದ್ದು ತೆಗೆದು, ಕ್ಯಾಪ್ ಮಾತ್ರ ಉಳಿಸಿ, ಗುಂಡಿನ ಜಾಗಕ್ಕೆ ಮೆತ್ತನೆಯ ಮರದ ಬೆಣೆ ಸಿಕ್ಕಿಸಿದ ತೋಟೆಗಳನ್ನು ನಾನು ತಂದಿದ್ದೆ. ಒಂದನ್ನು ಮ್ಯಾಗಜಿನ್ನಿಗೆ ಹಾಕಿದೆ. ಎಲ್ಲರನ್ನೂ ನನ್ನ ಹಿಂದೆ ನಿಲ್ಲಿಸಿದೆ. ಎಎಸ್‌ಐ ಸಾಹೇಬರು ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತಿದ್ದರು. ಮೂತಿಯನ್ನು ಮರಳಿಗೆ ಗುರಿಯಿಟ್ಟು, ಬೆರಳನ್ನು ಎಲ್ಲರಿಗೂ ಕಾಣುವಂತೆ ಉದ್ದಕ್ಕೆ ಚಾಚಿ, ಸ್ಲೈಡು ಬಿಟ್ಟೆ.

ಚಟ್!

ಹೊಗೆಯ ಸಣ್ಣ ಎಳೆಯೊಂದು ಎದ್ದಿತು. ಮದ್ದಿಲ್ಲದ್ದರಿಂದ ಸ್ಲೈಡು ಮರಳಿ ಹಿಂದೆ ಹೋಗಲಿಲ್ಲ. ಹ್ಯಾಮರ್ ಮೊದಲು ಹಿಂದಕ್ಕೆ ನಿಂತಂತೆಯೇ ನಿಂತಿತ್ತು. ಅದು ಬಿದ್ದೇ ಇರಲಿಲ್ಲ. ಟ್ರಿಗರ್ ಒತ್ತಿದ್ದರೆ ಅದು ಬೀಳಲೇಬೇಕು. ಹೆಚ್ಚು ವಿವರಿಸುವ ಅಗತ್ಯ ಬರಲಿಲ್ಲ. ಹೊರತೆಗೆದ ತೋಟೆಯ ಗುರುತನ್ನು ಹಳೆಯ ತೋಟೆಯ ಪಕ್ಕದಲ್ಲಿಟ್ಟೆ. ಅದೇ ಮೇಲುಮೇಲಿನ ಮುಟ್ಟು. ಆಮೇಲೆ ಸ್ಲೈಡು ಬಿಚ್ಚಿ ಸೂಜಿಯನ್ನು ಹೊರಗೆಳೆದೆ. ಸುತ್ತ ಜೇನಿನ ಬಣ್ಣದ ಹಕ್ಕಳೆ.

"ಎಎಸ್‌ಐಯವರೇ, ನೀವು ಹೇಳಿದ್ದು ನಿಜ. ಬೆರಳಿನದಲ್ಲ," ಎಂದರು ಡಿವೈಎಸ್‌ಪಿ.

ನಾನು ಬಾಗಿಲ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.

ಸಾಹೇಬರು ಹೊರಗೆ ಬೇವಿನ ಗಿಡದ ಕಟ್ಟೆಯ ಮೇಲೆ ಟೋಪಿ ತೆಗೆದು ಕೂತಿದ್ದರು. ಪಕ್ಕದಲ್ಲಿ ಕೂತೆ. ನನ್ನ ಬೆರಳಿಗೆ ಅಂಟಿದ್ದ ಹಕ್ಕಳೆಯನ್ನು ಅವರು ಬಿಡಿಸಿ ತೆಗೆದು, ಉಜ್ಜಿ, ಮೂಸಿ ನೋಡಿದರು.

"ನಂದ ಎಣ್ಣಿ," ಎಂದರು.

"ಹೌದ್ರಿ."

"ಮಿಸ್ತ್ರಿಗಳ, ಒಂದು ಮಾತು ನಡಸಿಕೊಡ್ತೀರೇನು? ಬೆರಳು ಅಂತ ಬರದು ಬಿಡ್ರಿ."

ನನಗೆ ನಗು ಬಂತು. ಅವರ ಮುಖ ನೋಡಿ ಅದು ಅಲ್ಲೇ ನಿಂತಿತು.

"ಬೆರಳು ತಪ್ಪಿದ್ರ ಒಂದ್ ಸಲ ತಪ್ಪಿದಂಗ್ರಿ. ಮುದುಕ ಆದ, ಕೈ ನಡುಗ್ತು ಅಂತಾರ. ಬಿಟ್ಹಾಕ್ತಾರ. ಎಣ್ಣಿ ತಪ್ಪಂದ್ರ ನಾನು ಜೋಪಾನ ಮಾಡಿದ್ದೆಲ್ಲಾ ತಪ್ಪಾತಲ್ಲ! ಪ್ರೀತಿಲೆ ಹಚ್ಚೀನ್ರಿ. ಎಲ್ಲಾ ಠಾಣ್ಯಾಗೂ ಹುಡುಗ್ರಿಗೆ ಹಂಚೀನಿ. ನಾನ ಕೈಯಾರೆ..."

"ಬೆರಳು ಅಂತ ಬರದ್ರ ನಾಳೆ ಉಳಿದ ಪೆಟ್ಟಿಗಿ ಯಾಕ ತಗೀಬೇಕ್ರಿ ಯಾರರ? ಎಲ್ಲಾ ಠಾಣ್ಯಾಗೂ ಒಂದು ಬೈಕು ನಿಂತಿರತೈತಿ. ಎಲ್ಲಾ ಬೈಕಿನ ಬಾಜೂಕ ಯಾರೋ ಒಬ್ರು ನೀರು ತರಾಕ ಹೊಂಟಿರ್ತಾರ."

ಬೇವಿನ ಗಿಡದ ಆಚೆ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು.

"ಆ ಹುಡುಗಿ ಒಂದ್ ಹೆಜ್ಜಿ ಹಿಂದಿದ್ರ," ಎಂದವರು ಮಾತು ಮುಗಿಸಲಿಲ್ಲ. ಟೋಪಿ ಹಾಕಿಕೊಂಡು ಎದ್ದರು. "ಬರೀರಿ. ಕುಸುಬಿ ಅಂತ ಪೂರಾ ಬಿಡಿಸಿ ಬರೀರಿ. ಅರ್ಧಮರ್ಧ ಬರದ್ರ ಶೇಂಗಾ ಎಣ್ಣಿ ಹಚ್ಚಿಬಿಡ್ತಾರ ಈ ಮಕ್ಳು."

ನನ್ನ ವರದಿಯಲ್ಲಿ ಎಲ್ಲವನ್ನೂ ಬರೆದೆ. ಟ್ರಿಗರ್ ಒತ್ತಿಲ್ಲ. ಇಲಾಖೆ ಒಪ್ಪದ ಅಡುಗೆ ಎಣ್ಣೆ ಸೂಜಿಯ ದಾರಿಯಲ್ಲಿ ಗಟ್ಟಿಯಾಗಿ ಸೂಜಿ ಮುಂದಕ್ಕೆ ಅಂಟಿಕೊಂಡಿದೆ. ಸ್ಪ್ರಿಂಗುಗಳು ಹಳತಾಗಿವೆ, ಬದಲಿಸಬೇಕು. ಈ ಮಾದರಿಯಲ್ಲಿ ಸೇಫ್ಟಿ ಸೂಜಿಯನ್ನು ಹಿಡಿಯುವುದಿಲ್ಲವಾದ್ದರಿಂದ ಲೋಡ್ ಮಾಡುವ ಮುಂಚೆ ಪ್ರತಿ ಸಲ ಒಳಗೋಡೆಯನ್ನು ಬೆರಳಿನಿಂದ ಮುಟ್ಟಿ ನೋಡತಕ್ಕದ್ದು. ಉಳಿದ ಪೆಟ್ಟಿಗೆಗಳನ್ನು ತೆಗೆಸಿದಾಗ ಇನ್ನೂ ಒಂದು ಪಿಸ್ತೂಲು ಮೂತಿ ಚಾಚಿಕೊಂಡು ಕೂತಿದ್ದು ಸಿಕ್ಕಿತು. ಲೋಡ್ ಆಗುವುದಷ್ಟೇ ಬಾಕಿಯಿತ್ತು.

ಸಾಹೇಬರ ಮೇಲಿನ ನಿರ್ಲಕ್ಷ್ಯದ ಆರೋಪ ಬಿದ್ದುಹೋಯಿತು. ಎಣ್ಣೆಯ ಬಗ್ಗೆ ಒಂದು ಎಚ್ಚರಿಕೆಯ ಪತ್ರ ಬಂತು. ಅದರಲ್ಲಿ ನಿರ್ಲಕ್ಷ್ಯ ಎಂಬ ಪದ ಯಾಕಿಲ್ಲ ಎಂದು ಮೇಲಿನವರು ಕೇಳಿದಾಗ ಡಿವೈಎಸ್‌ಪಿಯವರು, "ನಿರ್ಲಕ್ಷ್ಯ ಮಾಡಿದ ಠಾಣೆಯಲ್ಲೇ ಸರ್, ಪಿಸ್ತೂಲು ಸರಿಯಾಗಿದ್ದದ್ದು," ಎಂದರಂತೆ.

ಕೆಲವು ದಿನಗಳ ಮೇಲೆ ಹೊಸ ಸ್ಪ್ರಿಂಗುಗಳನ್ನು ಹಾಕಲು, ಮುಟ್ಟಿ ನೋಡುವ ನಿಯಮ ಕಲಿಸಲು ಆ ಠಾಣೆಗೆ ಹೋದೆ. ಬೆಳಗಿನ ಹಾಜರಿ ಮುಗಿದಿತ್ತು. ಎಎಸ್‌ಐ ಸಾಹೇಬರು ಎಲ್ಲರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಖಾಲಿ ಪಿಸ್ತೂಲು ಹಿಡಿದು ಪಾಠ ಮಾಡುತ್ತಿದ್ದರು. ನಾನು ಕಲಿಸಲು ಬಂದದ್ದನ್ನು ಅವರು ಆಗಲೇ ಅರ್ಧ ಕಲಿಸಿಬಿಟ್ಟಿದ್ದರು. ಸಾಲಿನಲ್ಲಿ ಯಾರೋ, "ಇದು ಹೊಸಾ ನಿಯಮೇನ್ರಿ ಸಾಹೇಬ್ರ? ಮೊದ್ಲು ಇರ್ಲಿಲ್ಲಲ್ಲ?" ಎಂದರು.

ಸಾಹೇಬರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ನಾನು ಎಣ್ಣಿ ಹಾಕಿದ್ದೆ," ಎಂದರು, ಇಡೀ ಅಂಗಳಕ್ಕೆ ಕೇಳುವಂತೆ. "ಚಲೋ ಆಗ್ಲಿ ಅಂತ ಹಾಕಿದ್ದೆ. ಅದು ಅಂಟಾತು. ಈ ಹುಡುಗಿ ಉಳದದ್ದು ನನ್ನ ಜಾಣತನಲೆ ಅಲ್ಲ. ಅದಕ್ಕ ಈ ನಿಯಮ."

ಅವರು ಪಿಸ್ತೂಲಿನ ಸ್ಲೈಡನ್ನು ಹಿಂದಕ್ಕೆ ಹಿಡಿದು ಮಹಿಳಾ ಕಾನ್‌ಸ್ಟೆಬಲ್ ಮುಂದೆ ಚಾಚಿದರು. ಅವಳು ಹೆಬ್ಬೆರಳನ್ನು ಒಳಗಿಟ್ಟು ಮೆಲ್ಲಗೆ ಆಡಿಸಿದಳು.

"ಏನೂ ಹತ್ತಂಗಿಲ್ಲ, ಕಾಕಾ."

"ಇನ್ನೊಂದ್ಸಲ ನೋಡವ್ವಾ."

ಅವಳು ಇನ್ನೊಂದು ಸಲ ನೋಡಿದಳು.